ಮರಳೂರಿನ ಆಪಾ ಮತ್ತು ಆರ್ಗ್ಯಾನಿಕ್ ಕೆಮಿಸ್ಟ್ರಿ

ಹೋದ ತಿಂಗಳು ನನ್ನ ಸ್ಕೂಟರಿನ ಸೀಟು ಹರಿದು, ಮಳೆ ನೀರು ಕುಡಿದು, ಕೂತಾಗೆಲ್ಲ ಬಟ್ಟೆ ಒದ್ದೆಯಾಗತೊಡಗಿತು. ಹಾಸ್ಟೆಲಿನ ಹಿಂದಿನ ರಸ್ತೆಯಲ್ಲೇ ಒಂದು ಕುಶನ್ ಅಂಗಡಿ ಇದೆ ಎಂದು ಗೆಳತಿ ಹೇಳಿದಳು, ಹೋದೆ. ಅಂಗಡಿಯವನು ಹಳೇ ಕವರ್ ಕಿತ್ತು ಎಸೆದು, ಸ್ಪಂಜಿನ ಮೇಲೆ ಬ್ರಷ್ಷಿನಿಂದ ಸೊಲ್ಯೂಷನ್ ಬಳಿದ. ಹೊಸ ರೆಕ್ಸಿನ್ನಿನ ವಾಸನೆ, ಅದರ ಜೊತೆಗೆ ಆ ಅಂಟಿನ ತಲೆ ಹಿಡಿಯುವಂಥ ಸಿಹಿ ವಾಸನೆ... ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. "ತಲೆ ತಿರುಗ್ತಾ ಮೇಡಂ? ಹೊಸಬರಿಗೆ ಹಂಗೇ," ಎಂದ ಅಂಗಡಿಯವನು. ನಾನು ಹೊಸಬಳಲ್ಲ. ಒಂದು ವರ್ಷ ಪೂರ್ತಿ ಆ ವಾಸನೆಯಲ್ಲಿ ಕೂತು ಓದಿದವಳು.

"ಟೊಲುಯಿನ್ ಕಣೇ ಇದು. ಬೆಂಜೀನ್ ಉಂಗುರಕ್ಕೆ ಒಂದು ಮೀಥೈಲ್ ಸಿಕ್ಕಿಸಿದ್ರೆ ಈ ವಾಸ್ನೆ. ನಮ್ಮನೇಲಿ ಹಗಲೂ ರಾತ್ರಿ ಆರ್ಗ್ಯಾನಿಕ್ ಕೆಮಿಸ್ಟ್ರಿ," ಎಂದು ಮೂಗಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದರು ಆಪಾ.

ಆಪಾ ನನ್ನ ಸೋದರತ್ತೆಯ ಪಕ್ಕದ ಮನೆಯವರು. ಆಪಾ ಎಂದರೆ ಅವರಲ್ಲಿ ಅಕ್ಕ ಎಂದು. ಬೀದಿಯ ಮಕ್ಕಳೆಲ್ಲ, ಅವರವರು ಇವರವರು ಅನ್ನದೆ, ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ತುಮಕೂರಿನ ಮರಳೂರಿನಲ್ಲಿ ಅವರದು ಮುಂದೆ ಅಂಗಡಿ, ಹಿಂದೆ ಮನೆ. ಆಟೋ, ಬೈಕು, ಟೆಂಪೋಗಳ ಸೀಟು ಹೊಲಿಯುವುದು ಅವರ ಗಂಡನ ಕೆಲಸ. ಅವರನ್ನು ನಾವು ಭಾಯ್ ಎನ್ನುತ್ತಿದ್ದೆವು. ಭಾಯ್ ಅವರ ತಾಯಿ ಇಡೀ ಬೀದಿಗೆ ದಾದಿ, ಅಂದರೆ ಅಜ್ಜಿ. ಏಳನೇ ಕ್ಲಾಸಿನ ಒಬ್ಬಳು ಮಗಳು. ಆಪಾ ಹುಟ್ಟಿ ಬೆಳೆದದ್ದು ಕುಣಿಗಲ್‌ನಲ್ಲಿ. ಅವರ ತಂದೆ ಅಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರಂತೆ. ಕನ್ನಡ ಶಾಲೆಯಲ್ಲಿ ಓದಿ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು, ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಮರಳೂರಿಗೆ ಬಂದವರು. ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು.

ನಾನು ಗುಬ್ಬಿ ತಾಲ್ಲೂಕು ಸಿ.ಎಸ್. ಪುರದವಳು. ಅಪ್ಪ ಹೈಸ್ಕೂಲಿನಲ್ಲಿ ಕ್ಲರ್ಕು, ಜೊತೆಗೆ ಒಂದಿಷ್ಟು ತೆಂಗಿನ ತೋಟ. ಮೊದಲ ಸಲ ನೀಟ್ ಬರೆದಾಗ ಬಯಾಲಜಿ ಕೈ ಹಿಡಿಯಿತು, ಫಿಸಿಕ್ಸ್ ಹೇಗೋ ದಾಟಿತು, ಕೆಮಿಸ್ಟ್ರಿ ಮುಳುಗಿಸಿತು. ಅದರಲ್ಲೂ ಆರ್ಗ್ಯಾನಿಕ್. ಪ್ರಶ್ನೆಪತ್ರಿಕೆಯ ಆ ಪುಟಕ್ಕೆ ಬಂದ ಕೂಡಲೇ ಷಟ್ಕೋನಗಳೆಲ್ಲ ಜೇನುಗೂಡಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು. ಫಲಿತಾಂಶ ಬಂದ ಮೇಲೆ ಅಪ್ಪ, "ಇನ್ನೊಂದ್ ಸಲ ಬರಿ. ಆಗ್ಲಿಲ್ವಾ, ಬಿಎಸ್ಸಿ ಮಾಡು. ನಂಗೇನ್ ಬೇಜಾರಿಲ್ಲ," ಎಂದರು. ಬೇಜಾರಿದೆ ಎನ್ನುವುದು ಆ ಮಾತಿನಿಂದಲೇ ಗೊತ್ತಾಯಿತು. ಹಾಗೆ ತುಮಕೂರಿನ ಒಂದು ಕೋಚಿಂಗ್ ಸೆಂಟರಿಗೆ ಸೇರಿ, ಅತ್ತೆಯ ಮನೆಯ ಮೇಲಿನ ಕೋಣೆಗೆ ಬಂದೆ.

ಬರುವಾಗ ಪುಸ್ತಕದ ಡಬ್ಬಗಳೂ ಬಂದವು. ಹಿಂದಿನ ವರ್ಷದ ಕೋಚಿಂಗ್ ಮಾಡ್ಯೂಲುಗಳು, ಹೊಸ ವರ್ಷದ ಮಾಡ್ಯೂಲುಗಳು, ಯಾರೋ ರ‍್ಯಾಂಕ್ ಹುಡುಗ ವಿಡಿಯೋದಲ್ಲಿ ತೋರಿಸಿದ್ದನೆಂದು ತರಿಸಿಕೊಂಡ ದಿಂಬಿನಷ್ಟು ದಪ್ಪದ ಪುಸ್ತಕ, ರಿಯಾಕ್ಷನ್ನುಗಳ ಹೆಸರು ನೆನಪಿಡುವ ಬಣ್ಣಬಣ್ಣದ ಕಾರ್ಡು, ಪಿಯು ಪಠ್ಯಪುಸ್ತಕ. ಇದರ ಮೇಲೆ ಮೊಬೈಲಿನಲ್ಲಿ ತುಂಬಿದ್ದ ಪಿಡಿಎಫ್‌ಗಳು. ಆಟೋದಿಂದ ಡಬ್ಬ ಇಳಿಸುವಾಗ ಆಪಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಂಗಡಿ ಇಡ್ತೀಯೇನೇ?" ಎಂದರು. ಅದೇ ಅವರು ನನ್ನೊಡನೆ ಆಡಿದ ಮೊದಲ ಮಾತು.

ಕೆಲವು ದಿನಗಳಾದ ಮೇಲೆ ಅತ್ತೆಯೇ ನನ್ನನ್ನು ಕರೆದುಕೊಂಡು ಹೋಗಿ, "ನೋಡಿ ಆಪಾ, ಈ ಹುಡ್ಗಿ ಯಾವ್ದು ಓದ್ಲಿ ಅಂತಾನೇ ಗೊತ್ತಾಗ್ದೆ ಒಂದೊಂದ್ ದಿನ ಒಂದೊಂದ್ ಬುಕ್ ತೆಗೀತಾಳೆ. ಏನಾರ ಹೇಳ್ಕೊಡಿ," ಎಂದು ಒಪ್ಪಿಸಿದರು. ಆಪಾ ಪಾಠ ಶುರು ಮಾಡಲಿಲ್ಲ. ಡಬ್ಬಗಳನ್ನೆಲ್ಲ ತಮ್ಮ ಮನೆಯ ಚಾಪೆಯ ಮೇಲೆ ಸುರಿಯಲು ಹೇಳಿದರು. ಒಂದೊಂದನ್ನೂ ತೆಗೆದು, ಆಲ್ಡಿಹೈಡುಗಳ ಅಧ್ಯಾಯ ಎಲ್ಲಿದೆಯೋ ಅಲ್ಲಿ ಒಂದು ರೆಕ್ಸಿನ್ ಚೂರು ಸಿಕ್ಕಿಸಿದರು. "ದಿನಾ ಒಂದು ಪುಸ್ತಕ. ಅದೇ ಪಾಠ. ಓದಿ ಮುಚ್ಚಿಟ್ಟು ಬಂದು ನಂಗೆ ಹೇಳು," ಎಂದರು.

ಹಾಗೆ ಒಂದೇ ಪಾಠವನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಓದಿ, ಬೆಳಗಿನ ಹೊತ್ತು ಅವರು ಹುರುಳಿಕಾಯಿ ಮುರಿಯುವಾಗಲೋ ಬಟ್ಟೆ ಮಡಚುವಾಗಲೋ ಎದುರು ಕೂತು ಒಪ್ಪಿಸಿದೆ. ದಪ್ಪ ಪುಸ್ತಕ ಓದಿದ ದಿನ ನನ್ನ ಬಾಯಲ್ಲಿ ದೊಡ್ಡ ದೊಡ್ಡ ಮಾತು ಬಂದವು, ಆಪಾ "ಯಾಕೆ?" ಎಂದು ಒಂದೇ ಸಲ ಕೇಳಿದ್ದಕ್ಕೆ ಎಲ್ಲ ನಿಂತುಹೋಯಿತು. ಮಾಡ್ಯೂಲ್ ಓದಿದ ದಿನ ಶಾರ್ಟ್‌ಕಟ್ಟುಗಳನ್ನು ಪಟಪಟನೆ ಹೇಳಿದೆ. "ಸರಿ, ಬೆಂಜಾಲ್ಡಿಹೈಡ್ ಯಾಕೆ ಆಲ್ಡಾಲ್ ಕೊಡಲ್ಲ?" ಎಂದರು. ಶಾರ್ಟ್‌ಕಟ್ಟುಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪಠ್ಯಪುಸ್ತಕ ಓದಿದ ದಿನ ಮಾತ್ರ ನಿಧಾನವಾಗಿ, ತಡವರಿಸುತ್ತ, ಕೊನೆಯವರೆಗೂ ಹೋದೆ. ಪಕ್ಕದ ಕಾರ್ಬನ್ನಿನಲ್ಲಿ ಹೈಡ್ರೋಜನ್ ಇದ್ದರೆ ಆಲ್ಡಾಲ್ ರಿಯಾಕ್ಷನ್, ಇಲ್ಲದಿದ್ದರೆ ಕ್ಯಾನಿಝಾರೋ ರಿಯಾಕ್ಷನ್. ಬೆಂಜಾಲ್ಡಿಹೈಡಿಗೆ ಅದು ಇಲ್ಲ. ಹೇಳುತ್ತ ಹೇಳುತ್ತ ನನಗೇ ತಿಳಿಯಿತು. ಆಪಾ ಕಾಯಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಓದಕ್ಕೆ ಎಲ್ಲಾ ಪುಸ್ತಕಾನೂ ಚೆನ್ನಾಗಿರುತ್ತೆ. ಯಾವ್ದನ್ನ ಓದಿದ್ರೆ ಇನ್ನೊಬ್ರಿಗೆ ಹೇಳಕ್ಕೆ ಬರುತ್ತೋ ಅದು ನಿಂದು," ಎಂದರು.

ಉಳಿದವು ಡಬ್ಬಕ್ಕೆ ಹೋದವು. ದಪ್ಪ ಪುಸ್ತಕವನ್ನು ನಾನು ಕೊನೆಯವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದೆ. ಕೋಚಿಂಗಿನಲ್ಲಿ ಎಲ್ಲರೂ ಅವನ್ನೇ ಓದುತ್ತಿದ್ದರು. ಆದರೆ ಪಠ್ಯಪುಸ್ತಕ ಒಂದೇ ಸಾಲದು ಎಂದು ಆಪಾಗೂ ಗೊತ್ತಿತ್ತು. ರಿಯಾಕ್ಷನ್ ಹೇಗೆ ನಡೆಯುತ್ತದೆಂದು ಹಂತ ಹಂತವಾಗಿ ತೋರಿಸುವ ಒಂದು ತೆಳು ಪುಸ್ತಕ, ಅಧ್ಯಾಯವಾರು ಹಳೇ ಪ್ರಶ್ನೆಗಳ ಒಂದು ಪುಸ್ತಕ, ಇಷ್ಟು ಬೇಕು ಎಂದರು. ಒಂದು ಭಾನುವಾರ ಪೇಟೆಗೆ ಹೋಗುವುದೆಂದಾಯಿತು.

ಅದಕ್ಕೂ ಮುಂಚೆ ನಡೆದದ್ದೊಂದನ್ನು ಹೇಳಬೇಕು. ಆಪಾ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದರು. ಅವತ್ತು ಸಂಜೆಯವರೆಗೂ ಸ್ವಲ್ಪ ಕುಂಟುತ್ತಿದ್ದರು. ಒಂದು ಸಲ ಅವರ ಜೊತೆಗೆ ನಾನೂ ಹೋದೆ. ಸರದಿಗೆ ಕಾಯುವಾಗ ಚೀಟಿಯ ಹಿಂದೆ ಪೆನಿಸಿಲಿನ್ನಿನ ಚಿತ್ರ ಬರೆದರು, ನಾಲ್ಕು ಮೂಲೆಯ ಒಂದು ಪುಟ್ಟ ಉಂಗುರ. "ಇಷ್ಟು ಇಕ್ಕಟ್ಟಾದ ಉಂಗುರ ಕಣೇ, ಒಡೆಯಕ್ಕೇ ಕಾಯ್ತಿರುತ್ತೆ. ಅದು ಒಡೆಯೋದ್ರಿಂದ್ಲೇ ನಾನು ಬದುಕಿರೋದು," ಎಂದರು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಅದು ಹೃದಯದ ಕವಾಟವನ್ನು ಕೆಡಿಸಿತ್ತು, ಆ ಜ್ವರ ಮತ್ತೆ ಬಾರದಿರಲೆಂದೇ ಈ ಇಂಜೆಕ್ಷನ್. ಸೆಕೆಂಡ್ ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಉಸಿರು ಕಟ್ಟಿ, ಬೆಂಗಳೂರಿನಲ್ಲಿ ಬಲೂನ್ ಹಾಕಿ ಕವಾಟ ಬಿಡಿಸಿದರು. ಮೆಡಿಕಲ್ ಸೀಟಿನ ಪರೀಕ್ಷೆ ಬರೆಯಬೇಕಿದ್ದ ದಿನ ಆಪಾ ಆಸ್ಪತ್ರೆಯ ಮಂಚದ ಮೇಲಿದ್ದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿಸಿದರು.

ಇಷ್ಟನ್ನೂ ಅವರು ಯಾರದೋ ಸುದ್ದಿಯೆಂಬಂತೆ ಹೇಳಿದರು. ನಾನು, "ಈಗ ವಯಸ್ಸಿನ ಲಿಮಿಟ್ ಇಲ್ಲ ಆಪಾ. ನಮ್ ಕೋಚಿಂಗಲ್ಲಿ ಒಬ್ರು ಬ್ಯಾಂಕ್ ಕೆಲ್ಸ ಬಿಟ್ಟು ಬಂದವ್ರೆ," ಎಂದೆ. ಸುಮ್ಮನೆ ಮಾತಿಗೆ ಹೇಳಿದ್ದು. ಆಪಾ ಚೀಟಿ ಮಡಚುತ್ತಿದ್ದವರು ನಿಲ್ಲಿಸಿದರು. "ಇನ್ನೊಂದ್ಸಲ ಹೇಳು," ಎಂದರು. ಹೇಳಿದೆ. ಅಷ್ಟರಲ್ಲಿ ನರ್ಸ್ ಅವರ ಹೆಸರು ಕೂಗಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದರು...

ಭಾನುವಾರ ಪುಸ್ತಕದಂಗಡಿಯಲ್ಲಿ ಆಪಾ ನಿಂತೇ ಓದಿದರು. ಹೊದಿಕೆ ನೋಡಲಿಲ್ಲ, ಒಳಗಿನ ಒಂದೇ ಜಾಗ ನೋಡುತ್ತಿದ್ದರು. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತೋರಿಸುವ ಬಾಗಿದ ಬಾಣಗಳಿರುತ್ತವಲ್ಲ, ಅವನ್ನು. ಹೆಚ್ಚು ಮಾರಾಟವಾಗುತ್ತದೆಂದು ಅಂಗಡಿಯವರು ಕೊಟ್ಟ ಒಂದು ಪುಸ್ತಕವನ್ನು ನನ್ನ ಮುಂದೆ ಹಿಡಿದು, "ಇಲ್ನೋಡು, ಬಾಣ ಪ್ಲಸ್‌ನಿಂದ ಹೊರಟಿದೆ. ಕೊಡೋನ ಕೈಯಿಂದ ಹೊರಡ್ಬೇಕು ಕಣೇ, ಇಸ್ಕೊಳ್ಳೋನ ಕೈಯಿಂದಲ್ಲ. ಇದೇ ತಪ್ಪಿದ್ರೆ ಮುಂದೆ ಎಲ್ಲಾ ಬಾಯಿಪಾಠ ಆಗುತ್ತೆ," ಎಂದು ಪಕ್ಕಕ್ಕಿಟ್ಟರು. ಇನ್ನೊಂದರಲ್ಲಿ ಬಾಣಗಳೇ ಇರಲಿಲ್ಲ. ಮತ್ತೊಂದರಲ್ಲಿ ಎಲ್ಲ ಇತ್ತು, ಆದರೆ ಎರಡು ವರ್ಷ ಬೇಕಾಗುವಷ್ಟಿತ್ತು. ಕೊನೆಗೆ ಒಂದು ತೆಳು ಪುಸ್ತಕ ಸಿಕ್ಕಿತು. ಕಾಗದ ಒರಟು, ಹೊದಿಕೆಯೂ ಮಾಸಲು, ಆದರೆ ಪ್ರತಿ ಬಾಣವೂ ಎರಡು ಚುಕ್ಕೆಗಳಿಂದ ಶುರುವಾಗಿ ಸರಿಯಾದ ಜಾಗಕ್ಕೆ ಹೋಗಿ ಮುಟ್ಟುತ್ತಿತ್ತು. ಹಳೇ ಪ್ರಶ್ನೆಗಳ ಪುಸ್ತಕವನ್ನೂ ಉತ್ತರದ ಜೊತೆ ವಿವರಣೆ ಇದೆಯೇ ಎಂದು ತಿರುವಿ ನೋಡಿ ಆರಿಸಿದರು.

"ಇವೆರಡ್ರಲ್ಲೂ ಎರಡೆರಡು ಕೊಡಿ," ಎಂದರು.

"ಎರಡ್ಯಾಕಮ್ಮ? ಇನ್ನೊಬ್ಳು ತಂಗಿ ಅವ್ಳಾ?"

"ಒಂದು ನಂಗೆ."

ಅಂಗಡಿಯವರು ನಕ್ಕರು, ಆಪಾ ನಗದ್ದನ್ನು ಕಂಡು ಎರಡೆರಡು ಪ್ರತಿ ಕಟ್ಟಿಕೊಟ್ಟರು. ಅಂಗಡಿಯ ಮೆಟ್ಟಿಲಿಳಿದು ಆಪಾ ಗೋಡೆಗೆ ಒರಗಿ ನಿಂತರು. ಏದುಸಿರು ಬರುತ್ತಿತ್ತು. ಪುಸ್ತಕದ ಚೀಲ ಕೊಡಿ ಎಂದೆ, ಕೊಡಲಿಲ್ಲ.

ಅವತ್ತು ಸಂಜೆ ಅವರ ಮನೆಯಲ್ಲಿ, ಆಪಾ ತಾವೂ ನೀಟ್ ಬರೆಯುವುದರ ಬಗ್ಗೆ, ಉರ್ದುವಿನಲ್ಲಿ ಮಾತುಕತೆ ನಡೆಯಿತು. ನಾನು ಚಾಪೆಯ ತುದಿಯಲ್ಲಿ ಕೂತಿದ್ದೆ, ಅರ್ಧ ಅರ್ಥವಾಗುತ್ತಿತ್ತು, ಅರ್ಧ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಭಾಯ್ ಬೆರಳಿಗಂಟಿದ ಸೊಲ್ಯೂಷನ್ನನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ, ಅದೂ ಕನ್ನಡದಲ್ಲಿ, ಬಹುಶಃ ನನಗೂ ತಿಳಿಯಲಿ ಎಂದು: "ಎದೆ ತಡ್ಕೊಳ್ಳುತ್ತಾ?"

ಆಪಾ ಉತ್ತರ ಕೊಡುವ ಮುಂಚೆ ದಾದಿ ಮಾತು ತೆಗೆದರು. ಎಲೆ ಅಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಿಸದೆ, ನನ್ನ ಕಡೆ ತಿರುಗಿ, "ಅಡಿಗೆ ಮಾಡಕ್ಕೆ ತಡ್ಕೊಂಡೈತಲ್ಲ, ಓದಕ್ಕೂ ತಡ್ಕೊಳ್ತದೆ. ನಾಳೆಯಿಂದ ಒಲೆ ನಂದು. ಓದ್ಲಿ ಬುಡು," ಎಂದರು. ಆಪಾ ಎದ್ದು ಒಳಗೆ ಹೋದರು. ತಟ್ಟೆ ತೊಳೆಯುವ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಂತು.

ಮಾರನೇ ದಿನ ನೋಡಿದರೆ ಭಾಯ್ ಆ ಪುಸ್ತಕಗಳಿಗೆಲ್ಲ ರೆಕ್ಸಿನ್ನಿನ ಹೊದಿಕೆ ಹೊಲಿದಿದ್ದರು. ನನ್ನವಕ್ಕೆ ಕಂದು, ಆಪಾ ಅವರವಕ್ಕೆ ಮೆರೂನ್. ಕೋಚಿಂಗಿನಲ್ಲಿ ಹುಡುಗರು, "ಏನ್ಲೇ, ಆಟೋ ಸೀಟ್ ಕಿತ್ಕೊಂಡ್ ಬಂದ್ಬಿಟ್ಯಾ?" ಎಂದು ರೇಗಿಸಿದರು.

ಆ ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಪಾಠ ಒಪ್ಪಿಸಿದೆವು. ಆರ್ಗ್ಯಾನಿಕ್ಕನ್ನು ಅವರು ನನಗೆ ಹೇಳಿಕೊಟ್ಟರು, ಫಿಸಿಕ್ಸನ್ನು ನಾನು ಅವರಿಗೆ. ಫಿಸಿಕ್ಸ್ ಅವರಿಗೆ ಪೂರ್ತಿ ಮರೆತುಹೋಗಿತ್ತು. ಇಳಿಜಾರಿನ ಮೇಲೆ ಜಾರುವ ಗುಂಡಿನ ಲೆಕ್ಕ ಬಂದರೆ ಪೆನ್ನು ಕೆಳಗಿಟ್ಟು, "ಇದ್ಯಾಕೆ ಜಾರ್ಬೇಕು? ಸುಮ್ನೆ ಇರಬಾರ್ದಾ?" ಎನ್ನುತ್ತಿದ್ದರು. ನಾವು ಓದುತ್ತಿದ್ದ ಜಾಗ ಅಂಗಡಿಗೂ ಅಡುಗೆಮನೆಗೂ ನಡುವಿನ ಪಡಸಾಲೆ. ಒಂದು ಕಡೆ ಹೊಲಿಗೆ ಮಿಷಿನ್ನು, ಇನ್ನೊಂದು ಕಡೆ ದಾದಿಯ ಒಗ್ಗರಣೆ, ಮಧ್ಯೆ ನಾವು. ಮಗಳು ಶಾಲೆಯಿಂದ ಬಂದು ನಮ್ಮ ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದಳು. "ಅಮ್ಮಿ, ನಿಂಗೆ ಹೋಂವರ್ಕ್ ಯಾರು ಕೊಡೋದು?" ಎಂದು ಒಂದು ದಿನ ಕೇಳಿದಳು. ಆಪಾ ನನ್ನನ್ನು ತೋರಿಸಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಕೋಚಿಂಗ್ ಟೆಸ್ಟುಗಳಲ್ಲಿ ನನ್ನ ಅಂಕ ಇಳಿಯತೊಡಗಿತು. ಭಯವಾಗಿ, ಗೆಳತಿಯೊಬ್ಬಳ ಜೊತೆ ಸೇರಿ ಹೊಸದೊಂದು ಟೆಸ್ಟ್ ಸೀರೀಸ್ ತರಿಸಿದೆ. ಅದರ ಜೊತೆ ಮತ್ತೆ ಪುಸ್ತಕಗಳು ಬಂದವು. ಆಪಾ ಅವನ್ನು ನೋಡಿ ಬೈಯಲಿಲ್ಲ. ಒಂದನ್ನು ತೆಗೆದು ಬಾಣಗಳನ್ನು ನೋಡಿದರು, ಅಭ್ಯಾಸ ಬಲ. "ಚೆನ್ನಾಗೇ ಇದೆ. ಆದ್ರೆ ನಿಂಗಿರೋದು ಭಯ. ಪುಸ್ತಕ ಬದ್ಲಾಯ್ಸಿದ್ರೆ ಭಯ ಹೋಗಲ್ಲ ಕಣೇ, ಹೊಸ ಪುಸ್ತಕದೊಳಕ್ಕೂ ಬಂದು ಕೂತ್ಕೊಳ್ಳುತ್ತೆ," ಎಂದರು. ಆಮೇಲೆ, "ನಂಗೂ ಇದೆ," ಎಂದು ಸೇರಿಸಿದರು.

ಅವರ ಭಯ ಬೇರೆಯದೆಂದು ಮಾರ್ಚ್ ತಿಂಗಳಲ್ಲಿ ತಿಳಿಯಿತು. ನೆಗಡಿಯಿಂದ ಶುರುವಾದದ್ದು ಎದೆಗಿಳಿದು, ಮಲಗಿದರೆ ಉಸಿರಾಡಲಾಗದೆ, ಆಸ್ಪತ್ರೆಗೆ ಸೇರಿಸಬೇಕಾಯಿತು. ನೋಡಲು ಹೋದೆ. ಮಂಚಕ್ಕೆ ದಿಂಬುಗಳನ್ನು ಒಟ್ಟಿ ಒರಗಿ ಕೂತಿದ್ದರು, ಮುಖ ಊದಿಕೊಂಡಿತ್ತು. ನನ್ನ ಕೈಯಲ್ಲಿ ಹಣ್ಣಿನ ಚೀಲ ಕಂಡು, "ಪುಸ್ತಕ ಎಲ್ಲೇ?" ಎಂದರು. ತಂದಿರಲಿಲ್ಲ. "ಬೇಡ ಬಿಡು. ಅಮೀನ್‌ಗಳ ಪಾಠ ಬಾಯಲ್ಲಿ ಹೇಳು. ನಾನು ಕಣ್ಮುಚ್ಕೊಂಡ್ ಕೇಳ್ತೀನಿ." ನಾನು ಶುರು ಮಾಡಿದೆ. ನಡುವೆ ಎರಡು ಕಡೆ ತಪ್ಪಿದೆ. ಕಣ್ಣು ಬಿಡದೆಯೇ ಬೆರಳೆತ್ತಿ ನಿಲ್ಲಿಸಿದರು. ಹೇಳಿ ಮುಗಿಸಿದಾಗ ಪಕ್ಕದ ಮಂಚದ ಅಜ್ಜಿ, "ಯಾವ ದೇವ್ರ ಮಂತ್ರವಮ್ಮ ಅದು?" ಎಂದು ಕೇಳಿದರು. ಆಪಾ ನಕ್ಕು ನಕ್ಕು ಕೆಮ್ಮಿ, ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದರು.

ಪರೀಕ್ಷೆಯ ದಿನ ತುಮಕೂರಿನಲ್ಲಿ ಬೆಂಕಿಯಂಥ ಬಿಸಿಲು. ನಮ್ಮಿಬ್ಬರಿಗೂ ಒಂದೇ ಸೆಂಟರ್ ಬಿದ್ದಿತ್ತು. ಅಪ್ಪ ಸಿ.ಎಸ್. ಪುರದಿಂದ ಬಂದಿದ್ದರು. ದಾದಿ, ಮಗಳು, ಭಾಯ್ ಎಲ್ಲ ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತರು. ಆಪಾ ಬುರ್ಖಾ ತೆಗೆದು ದಾದಿಯ ಕೈಗೆ ಕೊಟ್ಟು, ತಲೆಗೆ ದುಪಟ್ಟಾ ಕಟ್ಟಿ, ಬಳೆ ಓಲೆ ಬಿಚ್ಚಿ ಮಗಳ ಕೈಗಿಟ್ಟು ಹೊರಟರು. ಗೇಟಿನಲ್ಲಿದ್ದ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದು, "ಪೇರೆಂಟ್ಸ್ ಎಲ್ಲ ಆಚೆ ನಿಂತ್ಕೊಳ್ಳಿ ಅಮ್ಮ," ಎಂದ. ಆಪಾ ತಮ್ಮ ಅಡ್ಮಿಟ್ ಕಾರ್ಡ್ ತೋರಿಸಿದರು. ಅವನು ಅದರಲ್ಲಿದ್ದ ಫೋಟೋ ನೋಡಿದ, ಇವರ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಆಮೇಲೆ ಕೈ ತೆಗೆದು, "ಹೋಗಿ ಅಕ್ಕ. ಚೆನ್ನಾಗಿ ಬರೀರಿ," ಎಂದ. ಹಿಂದೆ ಸಾಲಿನಲ್ಲಿದ್ದ ಯಾರದೋ ತಾಯಿ ಸುಮ್ಮನೆ ಆಪಾ ಅವರ ಬೆನ್ನು ತಟ್ಟಿದರು.

ಆರ್ಗ್ಯಾನಿಕ್ ಪ್ರಶ್ನೆಗಳ ಪುಟಕ್ಕೆ ಬಂದಾಗ ಷಟ್ಕೋನಗಳು ಒಂದಕ್ಕೊಂದು ಅಂಟಿಕೊಳ್ಳಲಿಲ್ಲ. ಪ್ರತಿಯೊಂದನ್ನೂ ಆಪಾ ಎದುರು ಕೂತಿದ್ದಾರೆ, ಹೇಳುತ್ತಿದ್ದೇನೆ ಎಂದುಕೊಂಡು ಬಿಡಿಸಿದೆ.

ಫಲಿತಾಂಶ ಬಂದಾಗ ಕೆಮಿಸ್ಟ್ರಿಯಲ್ಲಿ ನಮ್ಮಿಬ್ಬರಲ್ಲಿ ಅವರದೇ ಹೆಚ್ಚು. ಆದರೆ ಫಿಸಿಕ್ಸ್ ಅವರನ್ನು ಕೆಳಗೆಳೆದಿತ್ತು. ಇಳಿಜಾರಿನ ಗುಂಡು ಜಾರಿಯೇ ಬಿಟ್ಟಿತು ಎಂದು ಅವರೇ ಹೇಳಿ ನಕ್ಕರು. ಕೌನ್ಸೆಲಿಂಗಿನಲ್ಲಿ ನನಗೆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಆಪಾಗೆ ಪಕ್ಕದ ಜಿಲ್ಲೆಯ ಒಂದು ಆಯುರ್ವೇದ ಕಾಲೇಜಿನಲ್ಲಿ. ನಾನು, "ಇನ್ನೊಂದ್ ವರ್ಷ ನೋಡಿ ಆಪಾ, ಫಿಸಿಕ್ಸ್ ಒಂದು ಹಿಡ್ಕೊಂಡ್ರೆ ಎಂಬಿಬಿಎಸ್ಸೇ ಸಿಗುತ್ತೆ," ಎಂದೆ. ಆಪಾ ದಾದಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದರು. "ನಿಂಗೆ ವರ್ಷ ಅನ್ನೋದು ಎಷ್ಟು ಬೇಕಾದ್ರೂ ಸಿಗುತ್ತೆ ಕಣೇ. ನಂಗೆ ಸಿಕ್ಕಿದ್ದನ್ನ ನಾನು ಬಿಡಲ್ಲ," ಎಂದರು. ದನಿಯಲ್ಲಿ ದುಃಖವೇನೂ ಇರಲಿಲ್ಲ. ದಾದಿ ಮಾತ್ರ ಸೊಸೆಯ ಕೈಯನ್ನು ತಲೆಯ ಮೇಲೆಯೇ ಸ್ವಲ್ಪ ಹೊತ್ತು ಹಿಡಿದುಕೊಂಡರು.

ಆಯುರ್ವೇದ ಕಾಲೇಜಿನ ಹಾಸ್ಟೆಲಿನಲ್ಲಿ ಮೊದಮೊದಲು ಹುಡುಗಿಯರು ಅವರನ್ನು ಆಂಟಿ ಎನ್ನುತ್ತಿದ್ದರಂತೆ. ಒಂದು ತಿಂಗಳಲ್ಲಿ ಎಲ್ಲರ ಬಾಯಲ್ಲೂ ಆಪಾ ಆದರು. ಶನಿವಾರ ಮನೆಗೆ ಬಂದು, ಸೋಮವಾರ ಬೆಳಗ್ಗೆ ಬಸ್ಸು ಹತ್ತುತ್ತಿದ್ದರು. ಬಸ್ಸಿನಿಂದ ನನಗೆ ಫೋನ್ ಮಾಡಿ, ಹೊಸದಾಗಿ ಕಲಿತ ಸಂಸ್ಕೃತ ಶ್ಲೋಕ ಹೇಳಿ, ಅರ್ಥವನ್ನೂ 'ಯಾಕೆ' ಎಂಬುದನ್ನೂ ಹೇಳುತ್ತಿದ್ದರು. ನಾನು ನರಗಳ ಹೆಸರು ಒಪ್ಪಿಸುತ್ತಿದ್ದೆ. ಪಕ್ಕದ ಸೀಟಿನವರು ಏನೆಂದುಕೊಂಡರೋ...

ಎರಡನೇ ವರ್ಷದಲ್ಲಿ ನನ್ನ ಕೈಗೆ ಸ್ಟೆತಸ್ಕೋಪ್ ಬಂತು. ರಜೆಯಲ್ಲಿ ಮರಳೂರಿಗೆ ಹೋದಾಗ ಆಪಾ ನನ್ನನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಹಾಕಿದರು. ಹಾಸಿಗೆಯ ಮೇಲೆ ಮಲಗಿ, "ಕೇಳು," ಎಂದರು. ಇಟ್ಟೆ. ಏನೂ ವಿಶೇಷ ಕೇಳಿಸಲಿಲ್ಲ. "ಒತ್ತಬೇಡ, ಹಗುರಾಗಿ ಇಡು. ನಾನು ಎಡಕ್ಕೆ ತಿರುಗ್ತೀನಿ. ಈಗ ಕೇಳು, ಎರಡನೇ ಸದ್ದು ಆದ್ಮೇಲೆ." ಅವರು ಉಸಿರು ಹಿಡಿದರು. ಆಗ ಕೇಳಿತು. ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ, ತಗ್ಗಿದ ದನಿಯ ಗುಡುಗುಡು. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ಹಾಗಿರುತ್ತದೆಂದು ಅಂದುಕೊಂಡಿರಲಿಲ್ಲ. ಇನ್ನೊಂದೂ ಕೇಳಿತು. ಬಡಿತಕ್ಕೂ ಬಡಿತಕ್ಕೂ ನಡುವೆ ಒಂದೇ ಅಳತೆ ಇರಲಿಲ್ಲ. ತಲೆಯೆತ್ತಿದೆ.

"ತಾಳ ತಪ್ಪಿದೆ ಅಲ್ವಾ? ಅದು ಹೊಸದು," ಎಂದರು ಆಪಾ. "ಕವಾಟ ಬದ್ಲಾಯ್ಸ್ಬೇಕು ಅಂದವ್ರೆ. ಮುಂದಿನ ತಿಂಗ್ಳು ಬೆಂಗಳೂರಲ್ಲಿ. ಅದಕ್ಕೇ ಕರ್ದೆ. ಆಮೇಲೆ ಈ ಸದ್ದು ಇರಲ್ಲ. ನೀನು ಪರೀಕ್ಷೇಲಿ ತಪ್ಪಬಾರ್ದು ನೋಡು."

ಮತ್ತೆ ಕೇಳು ಎಂದರು. ಕೇಳಿದೆ. ಕಿವಿಯಲ್ಲಿ ಸ್ಟೆತಸ್ಕೋಪ್ ಇದ್ದದ್ದರಿಂದ ನಾನು ಅತ್ತದ್ದು ನನಗೇ ಕೇಳಿಸಲಿಲ್ಲ, ಅವರು ನೋಡಿ ಹೇಳಿದ ಮೇಲೆ ಗೊತ್ತಾಯಿತು.

ಆಪರೇಷನ್ ಮಾಡಿದವರು ಚೆನ್ನಾಗಿಯೇ ಆಯಿತೆಂದರು. ಭಾಯ್ ಫೋನ್ ಮಾಡಿ, ಎಚ್ಚರವಾಗಿದೆ, ಮಾತಾಡಿದಳು, ಮಗಳು ಊಟ ಮಾಡಿದಳಾ ಎಂದು ಕೇಳಿದಳು ಎಂದು ಹೇಳಿದರು. ಆಮೇಲೆ ಎಲ್ಲಿಂದಲೋ ಒಂದು ಹೆಪ್ಪು ರಕ್ತ ಮಿದುಳಿಗೆ ಹೋಗಿ ಸಿಕ್ಕಿಕೊಂಡಿತು, ಆಪಾ ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ, ಇಂಥ ಎದೆಗಳಲ್ಲಿ ಹಾಗಾಗುತ್ತದೆ ಎಂದು ಈಗ ನಾನೇ ಬೇರೆಯವರಿಗೆ ವಿವರಿಸಬಲ್ಲೆ. ಅವತ್ತು ಅರ್ಥವಾಗಿರಲಿಲ್ಲ. ಮರಳೂರಿಗೆ ಹೋದಾಗ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ದಾದಿ ನನ್ನನ್ನು ಕಂಡು, "ಬಾ ಮಗಳೇ," ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅಷ್ಟು ಹೊತ್ತೂ ಅವರು ಒಂದೇ ಮಾತನ್ನು ಆಡುತ್ತಿದ್ದರು. "ಇನ್ನೂ ಅರ್ಧ ಓದು ಬಾಕಿ ಐತೆ ಅವಳ್ದು."

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಕಾಮರ್ಸ್ ತೆಗೆದುಕೊಂಡಿದ್ದಾಳೆ. ಫೋನಿನಲ್ಲಿ ಆ ವಿಷಯವನ್ನು ಸ್ವಲ್ಪ ಹೆದರಿ ಹೆದರಿ ಹೇಳಿದಳು, ನಾನು ಬೈಯುತ್ತೇನೆಂದು ಅಂದುಕೊಂಡಿದ್ದಳೇನೋ. ನಿನಗೆ ಹೇಳಕ್ಕೆ ಬರೋದನ್ನ ಓದು ಎಂದೆ.

ನನಗೀಗ ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್. ಹೋದ ವಾರ ಹುತ್ರಿದುರ್ಗದ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಈ ವರ್ಷ ಪಿಯುಸಿಗೆ ಸೇರಿದ್ದಾಳೆ. ಮಂಡಿ ನೋವೆಂದು ಬಂದದ್ದು, ಆಪಾಗೆ ಬಂದಿದ್ದ ಜ್ವರವೇ, ಎದೆಗೂ ತಗುಲಿದೆ ಎಂದು ಗೊತ್ತಾಯಿತು. ದೊಡ್ಡ ಡಾಕ್ಟರು ಎಲ್ಲ ಹೇಳಿ ಹೋದ ಮೇಲೆ ತಾಯಿ ನನ್ನ ಕೋಟಿನ ತುದಿ ಹಿಡಿದು ನಿಲ್ಲಿಸಿದರು.

"ಇವ್ಳು ಸೈನ್ಸ್ ತಗೊಂಡವ್ಳೆ ಡಾಕ್ಟರಮ್ಮ. ಓದಕ್ಕಾಯ್ತದಾ? ಇಲ್ಲ ಬುಡ್ಸಿ ಮನೇಲಿ ಇಟ್ಕಳ್ಳದಾ?"

"ಬಿಡಿಸ್ಬೇಡಿ ಅಮ್ಮ. ಇಂಜೆಕ್ಷನ್ ಒಂದು ತಪ್ಪಿಸ್ಬೇಡಿ, ಅಷ್ಟೇ. ಇದಕ್ಕಿಂತ ಜಾಸ್ತಿ ಇದ್ದೋರೂ ಓದವ್ರೆ."

"ನೀವ್ ನೋಡಿದೀರಾ ಅಂಥೋರ್ನ?"

"ನಮ್ ಪಕ್ಕದ್ಮನೇವ್ರು. ನಂಗೆ ಪಾಠ ಹೇಳ್ಕೊಟ್ಟೋರು."

"ಈಗ ಹೆಂಗವ್ರೆ?"

ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು. ಕೇಸ್ ಶೀಟಿನಲ್ಲಿ ಬರೆಯಲು ಇನ್ನೇನೂ ಉಳಿದಿರಲಿಲ್ಲ.

"ತುಂಬ ಚೆನ್ನಾಗಿ ಓದಿದ್ರು," ಎಂದೆ.

ತಾಯಿ ಒಂದು ಗಳಿಗೆ ನನ್ನ ಮುಖ ನೋಡಿದರು. ಮಗಳ ಬಿಚ್ಚಿದ್ದ ಜಡೆಯನ್ನು ಕೈಗೆತ್ತಿಕೊಂಡು, ನಿಧಾನವಾಗಿ ಹೆಣೆಯತೊಡಗಿದರು.